ನೆನಪು ಹೆಚ್ಚಿತು, ನೆಮ್ಮದಿ ಕೆಟ್ಟಿತು

ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ಹಳಬರಾದವರು ಕಣ್ಣು ಮುಚ್ಚಿಕೊಂಡು ನಡೆದರೂ ತಾವು ಯಾವ ಕಾರ್ಖಾನೆಯ ಮುಂದಿದ್ದೇವೆಂದು ಹೇಳಬಲ್ಲರು. ಒಂದೆಡೆ ಲೇತುಗಳ ಗುಂಯ್‌ಗುಟ್ಟುವಿಕೆ, ಇನ್ನೊಂದೆಡೆ ಪ್ರೆಸ್ಸುಗಳ ಧಡಲ್ ಧಡಲ್ ಸದ್ದು, ಮತ್ತೊಂದೆಡೆ ಸಾಣೆಕಲ್ಲಿಗೆ ಉಕ್ಕು ತಾಗಿದಾಗ ಏಳುವ ಚೀತ್ಕಾರ. ಇಂತಹ ಗದ್ದಲದ ನಡುವೆ ಎರಡನೆಯ ಹಂತದ ಒಂದು ಸಣ್ಣ ಕಾರ್ಖಾನೆ ಮಾತ್ರ ಎರಡು ದಿನ ಸದ್ದಿಲ್ಲದೆ ಕುಳಿತಿತ್ತು. ಅಲ್ಲಿ ವಿದ್ಯುತ್ತು ಹೋಗಿರಲಿಲ್ಲ, ಕೆಲಸಗಾರರು ಮುಷ್ಕರ ಹೂಡಿರಲಿಲ್ಲ, ಯಂತ್ರಗಳೂ ಕೆಟ್ಟಿರಲಿಲ್ಲ. ಹನ್ನೆರಡು ಮಂದಿಯ ಸಂಬಳ ಕೊಡಬೇಕಾದ ಯಜಮಾನರೇ ತಮ್ಮ ಕೈಯಾರೆ ಯಂತ್ರಗಳನ್ನು ನಿಲ್ಲಿಸಿದ್ದರು!

ಇದಕ್ಕೆ ಕಾರಣವಾದದ್ದು ಬೆರಳುದ್ದದ ಒಂದು ಹಸಿರು ಪಟ್ಟಿ. ಗಣಕಯಂತ್ರದ ನೆನಪಿನ ಶಕ್ತಿಯನ್ನು ಹೆಚ್ಚಿಸಲೆಂದು ಕೊಂಡು ತಂದ ‘ರ‍್ಯಾಮ್’ ಎಂಬ ಆ ಪಟ್ಟಿ ಯಜಮಾನರ ನೆಮ್ಮದಿಯನ್ನು ಹೇಗೆ ಕೆಡಿಸಿತು, ಅದು ಮರಳಿ ಬಂದುದು ಹೇಗೆ ಎಂಬುದನ್ನು ತಿಳಿದರೆ ಮನೆಯಲ್ಲಿಯೂ ಕಚೇರಿಯಲ್ಲಿಯೂ ಗಣಕಯಂತ್ರವಿರುವ ವಾಚಕರಿಗೆ ಉಪಯೋಗವಾದೀತು.

ಎಸ್.ಪಿ. ರಸ್ತೆಯಿಂದ ಬಂದ ಅತಿಥಿ

ಈಗಿನ ಕಾರ್ಖಾನೆಗಳಲ್ಲಿ ಉಕ್ಕನ್ನು ಕೊರೆಯುವ ಯಂತ್ರಕ್ಕೆ ಆಜ್ಞೆ ಹೋಗುವುದು ಗಣಕಯಂತ್ರದಿಂದ. ಗಿರಾಕಿ ಕಳಿಸಿದ ನಕ್ಷೆಯನ್ನು ಅದರಲ್ಲಿ ತೆರೆದು, ಉಳಿ ಎಲ್ಲಿ ಹೊರಡಬೇಕು, ಎಷ್ಟು ಆಳ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಸಾಲುಸಾಲಾಗಿ ಬರೆದು ಸಿ.ಎನ್.ಸಿ. ಯಂತ್ರಕ್ಕೆ ಒಪ್ಪಿಸಬೇಕು. ಈ ಕಾರ್ಖಾನೆಯಲ್ಲಿ ಆ ಕೆಲಸ ಯಜಮಾನರ ಮಗಳದು. ನಕ್ಷೆಗಳು ದೊಡ್ಡವಾದಂತೆ ಗಣಕಯಂತ್ರ ತಡವರಿಸತೊಡಗಿತು. ಅದರಲ್ಲಿದ್ದುದು 8 ಜಿ.ಬಿ. ನೆನಪು, ಇನ್ನೊಂದು 8 ಜಿ.ಬಿ. ಕೂಡಿಸಿದರೆ ಸರಿಹೋಗುವುದೆಂದು ತೀರ್ಮಾನವಾಯಿತು. ಬೆಂಗಳೂರಿನಲ್ಲಿ ಗಣಕಯಂತ್ರದ ಬಿಡಿಭಾಗ ಬೇಕೆಂದವರು ಹೋಗುವ ಜಾಗ ಸಾದರ ಪತ್ರಪ್ಪ ರಸ್ತೆ, ಎಸ್.ಪಿ. ರಸ್ತೆಯೆಂದರೆ ಎಲ್ಲರಿಗೂ ಗೊತ್ತು. ಅಲ್ಲಿಂದ ಹೊಸ ಪಟ್ಟಿ ಬಂದಿತು. ಪರಿಚಯದ ಹುಡುಗನೊಬ್ಬ ಅದನ್ನು ಕೂಡಿಸಿ, “ವೇಗವೂ ಹೆಚ್ಚಾಗುವಂತೆ ಮಾಡಿದ್ದೇನೆ ಸಾರ್” ಎಂದು ಹೇಳಿ ಹೊರಟುಹೋದ.

ಮೂರು ದಿನ ಎಲ್ಲರಿಗೂ ಸಂತೋಷ. ನಾಲ್ಕನೆಯ ದಿನ ಮಧ್ಯಾಹ್ನ ಪರದೆ ಇದ್ದಕ್ಕಿದ್ದಂತೆ ನೀಲಿಯಾಯಿತು. ಅದರ ಮೇಲೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬೆರಡು ಪದಗಳು. ಬಳಿಕ ಯಂತ್ರ ತಾನಾಗಿಯೇ ಆರಿ ಹೊತ್ತಿಕೊಂಡಿತು. ಸಂಜೆಗೆ ಮತ್ತೆ ಹಾಗೆಯೇ. ಈ ಸಲ ಬೇರೊಂದು ಸಂದೇಶ. ಮಾರನೆಯ ದಿನ ಮೂರು ಬಾರಿ.

ಕಾಯಿಲೆಯೊಂದಿದ್ದರೆ ವೈದ್ಯರಿಗೇನು ಬರ? ಪಕ್ಕದ ಕಾರ್ಖಾನೆಯವರು ವೈರಸ್ ಎಂದರು. ಎದುರಿನವರು ವಿದ್ಯುತ್ ಪೂರೈಸುವ ಡಬ್ಬಿಯನ್ನೇ ಬದಲಿಸಿ ಎಂದರು. ಮೂರನೆಯವರು ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕದೆ ಗತಿಯಿಲ್ಲವೆಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹುಟ್ಟಿದ್ದು ಇಂತಹ ಹೊತ್ತಿನಲ್ಲಿಯೇ ಇರಬೇಕು. ಮರುದಿನ ಬೆಳಗ್ಗೆ ಎಲ್ಲವನ್ನೂ ಅಳಿಸುವುದೆಂದು ನಿಶ್ಚಯವಾಯಿತು.

ಅಂದು ಸಂಜೆ, ಕೈಗಾರಿಕಾ ತರಬೇತಿ ಶಾಲೆಯಲ್ಲಿ ಯಜಮಾನರಿಗೆ ಹಿಂದೆ ಪಾಠ ಹೇಳಿದ್ದ ಮೇಷ್ಟ್ರು ಕಾಫಿಗೆಂದು ಬಂದರು. ನಿವೃತ್ತರಾಗಿ ಬಹಳ ವರ್ಷಗಳಾಗಿದ್ದರೂ ಅವರ ಕುತೂಹಲ ನಿವೃತ್ತವಾಗಿರಲಿಲ್ಲ. ಕಥೆಯನ್ನೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ:

“ಯಂತ್ರ ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗಮ್ಮಾ? ಆಮೇಲೆ ಬದಲಾದದ್ದೇನು?”

“ರ‍್ಯಾಮ್ ಹಾಕಿಸಿದೆವು ಮೇಷ್ಟ್ರೇ. ಅದು ಬಿಟ್ಟು ಇನ್ನೇನೂ ಇಲ್ಲ.”

“ಹಾಗಾದರೆ ವಿಂಡೋಸ್ ಏನು ತಪ್ಪು ಮಾಡಿತು? ಅದನ್ನೇಕೆ ಅಳಿಸುತ್ತೀರಿ?”

ಸೋರುವ ಕೊಡಗಳು

ಗಣಕಯಂತ್ರದ ನೆನಪೆಂದರೆ ಏನು? ಹಾರ್ಡ್ ಡಿಸ್ಕು ಉಗ್ರಾಣವಾದರೆ, ರ‍್ಯಾಮ್ ಕೆಲಸದ ಮೇಜು. ಈ ಕ್ಷಣದಲ್ಲಿ ಬೇಕಾದುದೆಲ್ಲ ಮೇಜಿನ ಮೇಲಿರುತ್ತದೆ. ವಿದ್ಯುತ್ತು ಹೋದರೆ ಮೇಜು ಬರಿದು.

ಈ ಮೇಜು ಈಗಿನ ರೂಪಕ್ಕೆ ಬಂದುದು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧಕ ರಾಬರ್ಟ್ ಡೆನ್ನಾರ್ಡ್ ಅವರಿಂದ. ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಕೆಪಾಸಿಟರು, ಇವೆರಡರಿಂದಲೇ ಒಂದು ‘ಹೌದು’ ಅಥವಾ ‘ಅಲ್ಲ’ವನ್ನು ನೆನಪಿಟ್ಟುಕೊಳ್ಳಬಹುದೆಂದು 1966ರಲ್ಲಿ ಅವರಿಗೆ ಹೊಳೆಯಿತು, 1968ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಕೆಪಾಸಿಟರೆಂದರೆ ವಿದ್ಯುತ್ತಿನ ಒಂದು ಕೊಡವೆನ್ನೋಣ. ಕೊಡ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಈ ಕೊಡ ಸೋರುವ ಕೊಡ! ತುಂಬಿಟ್ಟ ವಿದ್ಯುತ್ತು ಕ್ಷಣಾರ್ಧದಲ್ಲಿ ಇಂಗತೊಡಗುತ್ತದೆ. ಆದ ಕಾರಣ ಡಿ.ಡಿ.ಆರ್. 4 ಜಾತಿಯ ನೆನಪಿನಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದು ಕೊಡವನ್ನೂ ಇಣುಕಿ ನೋಡಿ, ತುಂಬಿದ್ದವನ್ನು ಪುನಃ ತುಂಬಿಸುತ್ತಿರಬೇಕು. 8 ಜಿ.ಬಿ. ಪಟ್ಟಿಯಲ್ಲಿ ಇಂತಹ ಕೊಡಗಳು 6,800 ಕೋಟಿಗೂ ಹೆಚ್ಚು.

ನಮ್ಮ ದೇಶದಲ್ಲಿಯೇ ಕಟ್ಟಿದ ಮೊದಲ ಗಣಕಯಂತ್ರಗಳಲ್ಲೊಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ‘ಟಿಫ್ರಾಕ್’. 1960ರಲ್ಲಿ ಕೆಲಸಕ್ಕೆ ತೊಡಗಿದ ಅದರ ನೆನಪು 2,048 ಪದಗಳದು. ಪದವೊಂದಕ್ಕೆ 40 ಬಿಟ್ಟುಗಳು. ಅಂದರೆ ಒಟ್ಟು 81,920 ಬಿಟ್ಟು. ಅಂದು ಕಾಂತೀಯ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ಅದನ್ನು ಕಟ್ಟಿದ್ದರು. ಇಂದು ಎಸ್.ಪಿ. ರಸ್ತೆಯಿಂದ ಜೇಬಿನಲ್ಲಿಟ್ಟುಕೊಂಡು ಬರುವ ಒಂದು ಪಟ್ಟಿಯಲ್ಲಿ ಅಂತಹ ಎಂಟು ಲಕ್ಷ ಟಿಫ್ರಾಕುಗಳ ನೆನಪು ಅಡಗಿದೆ! ಇಷ್ಟು ಕೊಡಗಳಲ್ಲಿ ಒಂದೆರಡು ಹೊತ್ತಿಗೆ ಸರಿಯಾಗಿ ತುಂಬದಿದ್ದರೆ ಅದಕ್ಕಿಂತ, ಉಳಿದವೆಲ್ಲ ತಪ್ಪದೆ ತುಂಬುತ್ತಿರುವುದೇ ಸೋಜಿಗ.

ಒಂದು ಬಿಟ್ಟಿನ ಬೆಲೆ

“ಒಂದೆರಡು ತಪ್ಪಿದರೆ ಏನು ಮಹಾ ಮೇಷ್ಟ್ರೇ? ಯಂತ್ರ ನಿಲ್ಲುತ್ತದೆ, ಮತ್ತೆ ಹೊತ್ತಿಸಿದರಾಯಿತು” ಎಂದರು ಯಜಮಾನರು.

ಮೇಷ್ಟ್ರು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು. ಗಣಕಯಂತ್ರಗಳು ಬಳಸುವ ಆಸ್ಕಿ ಲಿಪಿಯಲ್ಲಿ 2 ಎಂಬ ಅಂಕೆಯ ರೂಪ 0110010. 6 ಎಂಬುದರ ರೂಪ 0110110. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್ಟು.

“ನಿನ್ನ ಪ್ರೋಗ್ರಾಮಿನಲ್ಲಿ 40.02 ಎಂದು ಇದೆಯೆನ್ನು. ಒಂದು ಕೊಡ ತಪ್ಪಿತು, 40.06 ಆಯಿತು. ಯಂತ್ರ ನಿಲ್ಲುವುದಿಲ್ಲ, ಪರದೆ ನೀಲಿಯಾಗುವುದಿಲ್ಲ. ಲೇತು ಹೇಳಿದಷ್ಟನ್ನು ವಿಧೇಯವಾಗಿ ಕೊರೆಯುತ್ತದೆ. ನಿಲ್ಲುವ ಯಂತ್ರ ಒಳ್ಳೆಯದಪ್ಪಾ, ಅದು ತಪ್ಪನ್ನು ಕೂಗಿ ಹೇಳುತ್ತದೆ. ನಿಲ್ಲದ ಯಂತ್ರಕ್ಕೆ ಹೆದರಬೇಕು.”

ಇದು ಬರಿಯ ಊಹೆಯ ಮಾತಲ್ಲ. 2003ರ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ನಡೆದ ಚುನಾವಣೆಯಲ್ಲಿ ಬ್ರಸೆಲ್ಸಿನ ಸ್ಕಾರ್ಬೇಕ್ ಎಂಬಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಬೇಕಾದುದಕ್ಕಿಂತ 4,096 ಮತಗಳು ಹೆಚ್ಚಾಗಿ ಬಂದಿದ್ದವು. ಬರಲು ಸಾಧ್ಯವೇ ಇಲ್ಲದಷ್ಟು ಮತಗಳಾದುದರಿಂದ ತಪ್ಪು ಗೊತ್ತಾಯಿತು. 4,096 ಎಂದರೆ ಎರಡನ್ನು ಹನ್ನೆರಡು ಸಲ ಇಟ್ಟು ಗುಣಿಸಿದ ಮೊತ್ತ. ನೆನಪಿನ ಹದಿಮೂರನೆಯ ಬಿಟ್ಟು ತಾನಾಗಿ ಮಗುಚಿರಬೇಕೆಂದು ತಜ್ಞರು ಊಹಿಸಿದರು.

ಇಂತಹ ತಪ್ಪಿನಿಂದ ಬೇಸತ್ತವರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಒಬ್ಬರು. ವಾರದ ಕೊನೆಯಲ್ಲಿ ಯಂತ್ರಕ್ಕೆ ಲೆಕ್ಕ ಒಪ್ಪಿಸಿ ಹೋದರೆ, ಸೋಮವಾರ ಬಂದು ನೋಡುವಾಗ ಅದು ನಡುವೆ ತಪ್ಪು ಕಂಡು ಕೆಲಸವನ್ನೇ ಕೈಬಿಟ್ಟಿರುತ್ತಿತ್ತು. ತಪ್ಪನ್ನು ಕಂಡುಹಿಡಿಯುವ ಯಂತ್ರ ಅದನ್ನು ತಿದ್ದಲೂ ಏಕೆ ಬಾರದೆಂದು ಚಿಂತಿಸಿ, 1950ರಲ್ಲಿ ಅವರು ತಪ್ಪು ತಿದ್ದುವ ಸಂಕೇತಗಳ ಪ್ರಬಂಧವನ್ನು ಪ್ರಕಟಿಸಿದರು. ದೊಡ್ಡ ಸರ್ವರುಗಳಲ್ಲಿ ಇಂದು ಬಳಸುವ ಇ.ಸಿ.ಸಿ. ನೆನಪು ಆ ವಿಚಾರದ ಸಂತತಿಯೇ. ಆದರೆ ಮನೆಯ ಮತ್ತು ಸಣ್ಣ ಕಾರ್ಖಾನೆಯ ಸಾಮಾನ್ಯ ಗಣಕಯಂತ್ರಗಳಲ್ಲಿ ಸಾಧಾರಣವಾಗಿ ಆ ರಕ್ಷಣೆಯಿಲ್ಲ.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಹೊಸ ಪಟ್ಟಿ ಬಂದ ಮೇಲೆ ಬರೆದ ಪ್ರೋಗ್ರಾಮುಗಳು ಹನ್ನೊಂದು. ಸೋಮವಾರ ಸರಕು ತಲುಪಬೇಕು, ಅಂದು ಬುಧವಾರ. ಅವರು ಎದ್ದು ಹೋಗಿ ಮುಖ್ಯ ಸ್ವಿಚ್ಚನ್ನು ಆರಿಸಿದರು.

“ತಪ್ಪು ಮಾಲು ಕಳಿಸಿ ಹೆಸರು ಕೆಡಿಸಿಕೊಳ್ಳುವುದಕ್ಕಿಂತ ತಡವಾಯಿತೆಂದು ಬೈಸಿಕೊಳ್ಳುವುದು ಮೇಲು” ಎಂದಷ್ಟೇ ಅವರು ಹೇಳಿದ್ದು.

ಒಂದು ಸಲಕ್ಕೆ ಒಂದೇ ಬದಲಾವಣೆ

ಮೇಷ್ಟ್ರ ವಿಧಾನದಲ್ಲಿ ಮಂತ್ರತಂತ್ರವೇನೂ ಇರಲಿಲ್ಲ. “ಲೇತಿನಲ್ಲಿ ಅಳತೆ ತಪ್ಪಿದರೆ ಉಳಿ, ವೇಗ, ತಂಪಿನ ಎಣ್ಣೆ ಮೂರನ್ನೂ ಒಟ್ಟಿಗೆ ಬದಲಿಸುತ್ತೀಯೇನಪ್ಪಾ? ಇಲ್ಲವಷ್ಟೆ. ಇದೂ ಹಾಗೆಯೇ” ಎಂದು ಹೇಳಿ ಕೆಲಸಕ್ಕೆ ತೊಡಗಿದರು.

ಮೊದಲು ಯಂತ್ರವನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಒಳಗುಳಿದ ವಿದ್ಯುತ್ತು ಇಳಿಯಲೆಂದು ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರು. ಪಟ್ಟಿಯನ್ನು ಮುಟ್ಟುವ ಮುಂಚೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದರು. ಫಾಲ್ಗುಣದ ಒಣಹವೆಯಲ್ಲಿ ನಡೆದಾಡಿದ ಮಾತ್ರಕ್ಕೆ ನಮ್ಮ ಮೈಯಲ್ಲಿ ಸ್ಥಿರವಿದ್ಯುತ್ತು ಸೇರುತ್ತದೆ. ಬೆರಳಿಗೆ ಚುರುಕ್ಕೆನ್ನಬೇಕಾದರೆ ಅದು ಸುಮಾರು 3,000 ವೋಲ್ಟ್ ಇರಬೇಕು. ಚಿಪ್ಪಿನ ಪ್ರಾಣ ಹೋಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಆದುದರಿಂದ ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿಯತಕ್ಕದ್ದು. ಹೊಂಬಣ್ಣದ ಸಂಪರ್ಕಗಳನ್ನು ಮುಟ್ಟಕೂಡದು.

ಎರಡನೆಯದು ಕೂರಿಸುವಿಕೆ. ಎರಡು ಬದಿಯ ಹಿಡಿಕೆಗಳೂ ಟಿಕ್ಕೆಂದು ಕೂರದಿದ್ದರೆ ಪಟ್ಟಿ ಅರ್ಧ ಕಚ್ಚಿಕೊಂಡು ನಿಂತಿರುತ್ತದೆ. ಯಂತ್ರ ಕೆಲವು ದಿನ ನಡೆದು ಅನಂತರ ಕೈಕೊಡುತ್ತದೆ. ಪೀಣ್ಯದಲ್ಲಿ ಇನ್ನೊಂದು ಕಾಟವುಂಟು: ಗಾಳಿಯಲ್ಲಿ ತೇಲುವ ಉಕ್ಕಿನ ಪುಡಿ ಮತ್ತು ಎಣ್ಣೆಯ ಆವಿ. ಮೇಷ್ಟ್ರು ದೂಳನ್ನು ಒಣಗಾಳಿಯಿಂದ ಹೊಡೆಸಿ, ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದು ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿದರು. ಯಂತ್ರ ಹೊತ್ತಿಕೊಂಡಿತು, ಎಲ್ಲರ ಮುಖವೂ ಅರಳಿತು. ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಪರದೆ ಮತ್ತೆ ನೀಲಿ!

ಆಗ ತೊಡಗಿತು ಮೂರನೆಯ ಪರೀಕ್ಷೆ. ‘ಮೆಮ್‌ಟೆಸ್ಟ್86+’ ಎಂಬ ಉಚಿತ ತಂತ್ರಾಂಶವೊಂದುಂಟು. ಅದನ್ನು ಪೆನ್‌ಡ್ರೈವಿನಿಂದ ನಡೆಸಿದರೆ ವಿಂಡೋಸಿನ ಹಂಗಿಲ್ಲದೆ ನೆನಪಿನ ಮೂಲೆಮೂಲೆಗೂ ನಾನಾ ಮಾದರಿಗಳನ್ನು ಬರೆದು, ಮತ್ತೆ ಓದಿ, ಬರೆದದ್ದೇ ಬಂದಿತೇ ಎಂದು ತಾಳೆ ನೋಡುತ್ತದೆ. ವಿಂಡೋಸಿನಲ್ಲಿಯೇ ಅಡಗಿರುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬುದೂ ಇದೇ ಕೆಲಸವನ್ನು ಸ್ವಲ್ಪ ಹಗುರಾಗಿ ಮಾಡುತ್ತದೆ. ಒಂದು ಸುತ್ತು ಸಾಲದು. ಹಲವು ಸುತ್ತು ನಡೆಯಬೇಕು. ತಪ್ಪುಗಳ ಸಂಖ್ಯೆ ಸೊನ್ನೆಯೇ ಇರಬೇಕು. ‘ಒಂದೇ ಒಂದು ತಪ್ಪು ತಾನೆ’ ಎಂಬ ಔದಾರ್ಯ ಇಲ್ಲಿ ಸಲ್ಲದು.

ಹಳೆಯ ಪಟ್ಟಿಯೊಂದನ್ನೇ ಇಟ್ಟು ಸಂಜೆಯವರೆಗೆ ಪರೀಕ್ಷಿಸಿದರು: ತಪ್ಪು ಸೊನ್ನೆ. ಆ ನಂಬಿಕೆಯ ಮೇಲೆ ಹನ್ನೊಂದು ಪ್ರೋಗ್ರಾಮುಗಳನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡರು. ರಾತ್ರಿ ಹೊಸ ಪಟ್ಟಿಯೊಂದನ್ನೇ ಇಟ್ಟು ಪರೀಕ್ಷೆಗೆ ಬಿಟ್ಟು, ತಂದೆ ಮಗಳು ಇಬ್ಬರೂ ಮೇಜಿನ ಎರಡು ಬದಿಯಲ್ಲಿ ಕುಳಿತು, ಒಬ್ಬರು ಗಿರಾಕಿಯ ನಕ್ಷೆಯನ್ನೂ ಒಬ್ಬರು ಪ್ರೋಗ್ರಾಮನ್ನೂ ಹಿಡಿದು ಅಂಕೆ ಅಂಕೆಯನ್ನೂ ಒಪ್ಪಿಸಿಕೊಂಡರು.

ಬೆಳಗಾಗುವ ಹೊತ್ತಿಗೆ ಹೊಸ ಪಟ್ಟಿಯ ಫಲಿತಾಂಶವೂ ಬಂದಿತು: ತಪ್ಪು ಸೊನ್ನೆ!

ಎತ್ತು ಏರಿಗೆ, ಕೋಣ ನೀರಿಗೆ

ಹಳೆಯದೂ ಸರಿ, ಹೊಸದೂ ಸರಿಯೆಂದಾದರೆ ಕೆಟ್ಟದ್ದು ಯಾವುದು? ಶುಕ್ರವಾರ ಬೆಳಗ್ಗೆ ಎರಡನ್ನೂ ಕೂಡಿಸಿ ಪರೀಕ್ಷೆ ತೊಡಗಿದರು. ಹತ್ತು ನಿಮಿಷದೊಳಗೆ ಪರದೆಯ ತುಂಬ ತಪ್ಪಿನ ಸಾಲುಗಳು.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಎರಡು ಪಟ್ಟಿಗಳ ಮೇಲಿನ ಚೀಟಿಗಳನ್ನು ಓದಿದರು. ಎರಡೂ ಡಿ.ಡಿ.ಆರ್. 4, ಎರಡೂ 8 ಜಿ.ಬಿ. ಆದರೆ ಹಳೆಯದರ ವೇಗ 2400, ಹೊಸದರದು 3200. ಪ್ರತಿ ಪಟ್ಟಿಯಲ್ಲಿಯೂ ತನ್ನ ಗುಣಗಳನ್ನು ಬರೆದಿಟ್ಟುಕೊಂಡ ಒಂದು ಪುಟ್ಟ ಚಿಪ್ಪು ಇರುತ್ತದೆ. ಯಂತ್ರ ಹೊತ್ತಿಕೊಳ್ಳುವಾಗ ತಾಯಿಹಲಗೆ, ಅಂದರೆ ಮದರ್‌ಬೋರ್ಡು, ಅದನ್ನು ಓದಿ, ಎರಡಕ್ಕೂ ಒಗ್ಗುವಂತೆ ನಿಧಾನದ ಪಟ್ಟಿಯ ವೇಗವನ್ನೇ ಆರಿಸಿಕೊಳ್ಳುವುದು ರೂಢಿ. ಹಾಗೆ ಬಿಟ್ಟಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಆದರೆ “ವೇಗವೂ ಹೆಚ್ಚಾಗುವಂತೆ” ಮಾಡಿದ ಹುಡುಗ ಬಯೋಸಿನಲ್ಲಿ ಎಕ್ಸ್.ಎಂ.ಪಿ. ಎಂಬ ವೇಗದ ಏರ್ಪಾಡನ್ನು ತೆರೆದಿಟ್ಟಿದ್ದ. ಹೊಸ ಪಟ್ಟಿಯ ಓಟಕ್ಕೆ ಹಳೆಯದೂ ಓಡಬೇಕಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಜೋಡಿ. ಒಂದೊಂದೇ ಇದ್ದಾಗ ಅವುಗಳಲ್ಲಿ ಯಾವ ದೋಷವೂ ಕಾಣದೆ ಹೋದದ್ದು ಇದರಿಂದಲೇ.

ಪರಿಹಾರಕ್ಕೆ ಕಾಸೂ ಖರ್ಚಾಗಲಿಲ್ಲ. ಬಯೋಸನ್ನು ಮೂಲಸ್ಥಿತಿಗೆ ತಂದರು. ಎರಡು ಪಟ್ಟಿಗಳೂ 2400ರ ನಡಿಗೆಗೆ ಇಳಿದವು. ಅಂದು ರಾತ್ರಿಯಿಡೀ ಪರೀಕ್ಷೆ ನಡೆಯಿತು: ತಪ್ಪು ಸೊನ್ನೆ.

ವಾಚಕರಿಗೆ ನಾಲ್ಕು ಮಾತು

ಎಲ್ಲರ ಮನೆಯ ಕಥೆಯೂ ಹೀಗೆಯೇ ಮುಗಿಯಬೇಕೆಂದಿಲ್ಲ. ಆದುದರಿಂದ ಈ ಕೆಲವು ಸಂಗತಿಗಳನ್ನು ನೆನಪಿಡುವುದು ಒಳಿತು.

ಕೊಳ್ಳುವ ಮುಂಚೆ ಜಾತಿ ನೋಡಿ. ಡಿ.ಡಿ.ಆರ್. 3, 4, 5 ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಡಿ.ಡಿ.ಆರ್. 3 ಕೇಳುವುದು 1.5 ವೋಲ್ಟ್, 4 ಕೇಳುವುದು 1.2, 5 ಕೇಳುವುದು 1.1. ಪಟ್ಟಿಯ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದು ಈ ಕಾರಣದಿಂದಲೇ. ಕೂರದಿದ್ದರೆ ಬಲಪ್ರಯೋಗ ಕೂಡದು. ಮದರ್‌ಬೋರ್ಡು ಗರಿಷ್ಠ ಎಷ್ಟು ನೆನಪನ್ನು ಒಪ್ಪುತ್ತದೆಂಬುದನ್ನು ಕೈಪಿಡಿಯಲ್ಲಿ ನೋಡಿ. ವಿಂಡೋಸ್ 10ರ 32 ಬಿಟ್ಟಿನ ಆವೃತ್ತಿಯಿದ್ದರೆ 4 ಜಿ.ಬಿ.ಗಿಂತ ಹೆಚ್ಚಿನದು ವ್ಯರ್ಥ.

ಪಟ್ಟಿ ಒಂದು ಕಂಡಿಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ ತಪ್ಪು ತೋರಿಸಿದರೆ ಅಪರಾಧಿ ಕಂಡಿಯೇ ಹೊರತು ಪಟ್ಟಿಯಲ್ಲ. ಯಾವ ಕಂಡಿಯಲ್ಲಿಟ್ಟರೂ ತಪ್ಪುವುದಾದರೆ ಪಟ್ಟಿ ಕೆಟ್ಟಿದೆ. ರಸೀದಿ ಜೋಪಾನವಾಗಿದ್ದರೆ ವಾರಂಟಿಯಲ್ಲಿ ಬದಲಾಯಿಸಿಕೊಳ್ಳಬಹುದು. ರಾತ್ರಿಯಿಡೀ ಪರೀಕ್ಷೆ ದಾಟಿಯೂ ಯಂತ್ರ ಕುಸಿಯುತ್ತಿದ್ದರೆ ಆಗ ಮಾತ್ರ ಡಿಸ್ಕು, ಶಾಖ, ವಿದ್ಯುತ್ ಪೂರೈಕೆ, ಡ್ರೈವರುಗಳ ಕಡೆ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ನೆನಪಿನ ಮೇಲೆ ಅನುಮಾನ ಬಂದೊಡನೆ ಕೆಲಸ ನಿಲ್ಲಿಸಿ. ಕೆಟ್ಟ ನೆನಪಿನ ಮೂಲಕ ಕಡತಗಳ ನಕಲು ತೆಗೆದರೆ ನಕಲೂ ಕೆಟ್ಟೀತು. ಮೊದಲು ಹೊಸ ಪಟ್ಟಿಯನ್ನು ತೆಗೆಯಿರಿ, ಅನಂತರ ನಕಲು ಮಾಡಿ. ಹಳೆಯ ಒಳ್ಳೆಯ ನಕಲಿನ ಮೇಲೆ ಹೊಸದನ್ನು ಎಂದಿಗೂ ಬರೆಯಬೇಡಿ.

ಮತ್ತೆ ಎದ್ದ ಸದ್ದು

ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಗಲ್ಲು ಹಾಕಿದಾಗ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ಪುಗಳ ವಿನ್ಯಾಸಕ್ಕೆ ನೆರವಾಗುವ ಕೇಂದ್ರ ತೆರೆದಾಗ, ಈ ಊರಿನ ಭಾಗ್ಯ ಬದಲಾಯಿತು. ಅದೇ ಊರಿನ ಇನ್ನೊಂದು ಅಂಚಿನ ಪೀಣ್ಯದಲ್ಲಿ ಆ ಚಿಪ್ಪು ಮುನಿಸಿಕೊಂಡಾಗ ಕೈಹಿಡಿದದ್ದು ಒಬ್ಬ ನಿವೃತ್ತ ಮೇಷ್ಟ್ರ ತಾಳ್ಮೆ ಮತ್ತು ಒಂದು ಪೆನ್‌ಡ್ರೈವು.

ಹನ್ನೊಂದು ಪ್ರೋಗ್ರಾಮುಗಳಲ್ಲಿ ಒಂಬತ್ತು ಸರಿಯಾಗಿಯೇ ಇದ್ದವು. ಒಂದರ ನಡುವೆ ಅರ್ಥವಿಲ್ಲದ ಅಕ್ಷರಗಳು ಸೇರಿಕೊಂಡಿದ್ದವು. ಇನ್ನೊಂದು ಅಚ್ಚಿಗೆಂದು ಕರೆದರೂ ತೆರೆಯಲೇ ಇಲ್ಲ. ಇವೆರಡನ್ನೂ ಮಗಳು ಮೊದಲಿನಿಂದ ಬರೆದಳು. 40.02 ಎಂಬುದು ಎಲ್ಲಿಯೂ 40.06 ಆಗಿರಲಿಲ್ಲ. ಆದರೆ ಆಗಿಲ್ಲವೆಂದು ತಿಳಿಯಲು ಎರಡು ದಿನ ಬೇಕಾಯಿತು.

ಶನಿವಾರ ಬೆಳಗ್ಗೆ ಯಜಮಾನರು ಮುಖ್ಯ ಸ್ವಿಚ್ಚು ಹಾಕಿದರು. ಭಾನುವಾರವೂ ಕೆಲಸ ನಡೆದು, ಸರಕು ಸೋಮವಾರದ ಬದಲು ಮಂಗಳವಾರ ಮಧ್ಯಾಹ್ನ ಹೋಯಿತು. ಗಿರಾಕಿ ತಡವಾದದ್ದಕ್ಕೆ ಗೊಣಗಿದರು; ಅಳತೆ ನೋಡಿ ಸುಮ್ಮನಾದರು.

ಈಗ ಆ ಗಾಜಿನ ಕೋಣೆಯ ಗೋಡೆಯ ಮೇಲೆ, ಗಣಕಯಂತ್ರಕ್ಕೆ ಎದುರಾಗಿ, ಮಗಳು ಬರೆದು ಅಂಟಿಸಿದ ಒಂದು ಚೀಟಿಯಿದೆ: ‘ಒಂದು ಸಲಕ್ಕೆ ಒಂದೇ ಬದಲಾವಣೆ.’ ಅದರ ಕೆಳಗೆ ಹಳೆಯ ಪ್ರೋಗ್ರಾಮುಗಳ ನಕಲಿರುವ ಪೆನ್‌ಡ್ರೈವು ಒಂದು ಮೊಳೆಗೆ ತೂಗಿಕೊಂಡಿದೆ. ಪ್ರತಿ ಶನಿವಾರ ಬಾಗಿಲು ಹಾಕುವ ಮುನ್ನ ಯಜಮಾನರು ಅದರತ್ತ ನೋಡಿ, “ನಕಲು ತೆಗೆದೆಯೇನಮ್ಮಾ?” ಎಂದು ಕೇಳುತ್ತಾರೆ. “ತೆಗೆದೆ ಅಪ್ಪಾ” ಎಂಬ ಉತ್ತರ ಬಂದ ಮೇಲೆಯೇ ದೀಪ ಆರುವುದು.